ಅಪ್ಪನಿಗೆ 72, ಎರಿಕ್ಸನ್ ಹೇಳಿದ ಎಂಟನೇ ಹಂತ ಅಂದರೆ ಇದೇನಾ?

ಯಶವಂತಪುರದ ಮಗಳು:
ನಮಸ್ಕಾರ. ನನ್ನ ಮಗಳು ಬಿ.ಎಡ್. ಓದುತ್ತಿದ್ದಾಳೆ, ವಿಜ್ಞಾನ ವಿಷಯ. ಮೊನ್ನೆ ಪರೀಕ್ಷೆಗೆ ಅಂತ ಎರಿಕ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞ ಹೇಳಿದ ಬದುಕಿನ ಎಂಟು ಹಂತಗಳನ್ನು ಜೋರಾಗಿ ಓದುತ್ತಿದ್ದಳು, ನಾನು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಕೊನೆಯದು 65ರ ನಂತರ, ಒಂದೋ ಸಾರ್ಥಕತೆ, ಇಲ್ಲ ಹತಾಶೆ ಅಂದಳು. ನನ್ನ ಕೈ ನಿಂತುಬಿಟ್ಟಿತು. ಅಪ್ಪ ಅಲ್ಲೇ ಹಾಲ್‌ನಲ್ಲಿ ಕೂತಿದ್ದರು.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ 34 ವರ್ಷ ಫಿಟ್ಟರ್ ಆಗಿದ್ದವರು. ಅಮ್ಮ ಹೋಗಿ ಮೂರು ವರ್ಷ ಆಯ್ತು. ಕಳೆದ ವರ್ಷ ಯಶವಂತಪುರದ ಹಳೇ ಮನೆ ಖಾಲಿ ಮಾಡಿಸಿ ಕನಕಪುರ ರಸ್ತೆಯ ನಮ್ಮ ಫ್ಲಾಟಿಗೆ ಕರೆದುಕೊಂಡು ಬಂದೆವು. "ನೀವು ಸುಮ್ನೆ ಕೂತ್ಕೊಳ್ಳಿ ಅಪ್ಪ, ಎಲ್ಲಾ ನಾವು ನೋಡ್ಕೋತೀವಿ" ಅಂತಲೇ ಇರುತ್ತೇವೆ. ಆದರೂ ಮಾತು ಕಡಿಮೆ, ನಿದ್ದೆ ಕಡಿಮೆ. ಅವರ ವರ್ನಿಯರ್ ಕ್ಯಾಲಿಪರ್ ಒಂದಿದೆ, ದಪ್ಪ ಅಳೆಯುವ ಸಾಧನ, ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ದಿನಾ ಅದನ್ನು ಬಿಚ್ಚಿ, ಒಂದು ಹನಿ ಎಣ್ಣೆ ಹಾಕಿ ಒರೆಸಿ, ಒಂದು ಸಲ ತೆರೆದು ಮುಚ್ಚಿ, ಮತ್ತೆ ಸುತ್ತಿ ಇಡುತ್ತಾರೆ. ಮೊನ್ನೆ "ಇಷ್ಟು ವರ್ಷ ನಾನು ಮಾಡಿದ್ದಾದರೂ ಏನು" ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಒಂದು ಹಂತದಲ್ಲಿ ಸೋತರೆ ಅಲ್ಲಿಗೆ ಮುಗೀತಾ? ಈ ವಯಸ್ಸಿನಲ್ಲಿ ಸರಿಹೋಗುತ್ತಾ?

ಮೇಷ್ಟ್ರು ಬಸವನಗುಡಿ:
ಇದನ್ನು 20 ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಮೊದಲಿಗೆ, ಇದು ಪಾಸು ಫೇಲಿನ ಲೆಕ್ಕ ಅಲ್ಲ. ನೋಟ್ಸ್‌ಗಳಲ್ಲಿ ಹಾಗೆ ಕಾಣುತ್ತೆ, ಅದು ನಮ್ಮ ಪರೀಕ್ಷೆಗಳ ತಪ್ಪು. ಎರಿಕ್ಸನ್ 1950ರಲ್ಲಿ ಇದನ್ನು ಪುಸ್ತಕದಲ್ಲಿ ಬರೆದಾಗ ಪ್ರತಿ ಹಂತದಲ್ಲೂ ಎರಡು ಸೆಳೆತ ಇರುತ್ತೆ, ಒಳ್ಳೆಯದರ ಕಡೆ ತೂಕ ಜಾಸ್ತಿ ಇದ್ದರೆ ಸಾಕು ಅಂದದ್ದು. ಮೊದಲ ಹಂತದಲ್ಲಿ ಕೂಸಿಗೆ ನಂಬಿಕೆ ಬೇಕು, ಆದರೆ ಸಿಕ್ಕವರನ್ನೆಲ್ಲ ನಂಬುವ ಮಗು ಉಳಿಯಲ್ಲ. 40, 65 ಅನ್ನೋ ವಯಸ್ಸುಗಳೂ ಅಂದಾಜು ಅಷ್ಟೇ.

ಮುಖ್ಯವಾದದ್ದು ಮುಂದಿದೆ. ಎರಿಕ್ಸನ್, ಅವರ ಹೆಂಡತಿ ಜೋನ್, ಜೊತೆಗೆ ಇನ್ನೊಬ್ಬರು ಸೇರಿ ಇಳಿವಯಸ್ಸಿನವರನ್ನು ಮಾತಾಡಿಸಿ 1986ರಲ್ಲಿ ಒಂದು ಪುಸ್ತಕ ತಂದರು. ಮುಪ್ಪಿನಲ್ಲಿ ಹಿಂದಿನ ಹಂತಗಳೆಲ್ಲ ಒಂದೊಂದಾಗಿ ಮತ್ತೆ ಎದುರಾಗುತ್ತವೆ ಅನ್ನೋದು ಅದರ ತಿರುಳು. ಎರಡು ವರ್ಷದ ಮಗು ಚಪ್ಪಲಿ ಹಾಕಿಕೊಳ್ಳುವಾಗ "ನಾನೇ, ನಾನೇ" ಅಂತ ಹಟ ಮಾಡುತ್ತೆ ನೋಡಿ, ಅದು ಎರಡನೇ ಹಂತ. ಮನೆ ಬದಲಾಯಿಸಿ, ಕೈಯಿಂದ ಎಲ್ಲ ಕೆಲಸ ತೆಗೆದುಕೊಂಡರೆ 72ರಲ್ಲೂ ಆ "ನಾನೇ" ಎದ್ದು ಬರುತ್ತೆ. ನಿಮ್ಮ ಅಪ್ಪ ಸಿಕ್ಕಿಹಾಕಿಕೊಂಡಿರುವುದು ಬರೀ ಎಂಟನೇ ಹಂತದಲ್ಲಿ ಅಂತ ನನಗೆ ಅನಿಸುವುದಿಲ್ಲ. ಎರಿಕ್ಸನ್ 1994ರಲ್ಲಿ ತೀರಿಕೊಂಡ ಮೇಲೆ ಜೋನ್ 1997ರಲ್ಲಿ ಒಂಬತ್ತನೇ ಹಂತವನ್ನೂ ಸೇರಿಸಿದರು, 80 ದಾಟಿ ಮೈಯೇ ಮಾತು ಕೇಳದೆ ಇದ್ದಾಗ ಏನಾಗುತ್ತೆ ಅಂತ. ಆಗ ಅವರಿಗೇ 90ರ ಮೇಲೆ ವಯಸ್ಸು.

ಹೆಬ್ಬಾಳ ಓದುಗಿ:
ದಯವಿಟ್ಟು ಡಾಕ್ಟರಿಗೂ ತೋರಿಸಿ. ನಮ್ಮ ಅತ್ತೆ ಹೀಗೇ ಮಂಕಾಗಿದ್ದಾಗ "ವಯಸ್ಸಾಯ್ತಲ್ಲ" ಅಂತ ಒಂದು ವರ್ಷ ಸುಮ್ಮನಿದ್ದೆವು. ಆಮೇಲೆ ನೋಡಿದರೆ ಖಿನ್ನತೆ, ಜೊತೆಗೆ ಥೈರಾಯ್ಡ್. ಮಾತ್ರೆ ಶುರು ಮಾಡಿದ ಮೇಲೆ ಎದ್ದು ಓಡಾಡಿದರು. ಆ ಒಂದು ವರ್ಷ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ, ಆಸಕ್ತಿ ಕೆಟ್ಟಿದ್ದರೆ ಹಂತ ಗಿಂತ ಅಂತ ಕಾಯಬೇಡಿ. ನಿಮ್ಹಾನ್ಸ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಕಿವಿಯನ್ನೂ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದೆ ಮಾತು ಬಿಡುವವರು ತುಂಬಾ ಜನ.

ತಿಂಡ್ಲು ಗಿರೀಶ:
ನಮ್ಮಲ್ಲಿ ಬ್ರಹ್ಮಚರ್ಯ, ಗೃಹಸ್ಥ, ವಾನಪ್ರಸ್ಥ, ಸನ್ಯಾಸ ಅಂತ ಯಾವತ್ತೋ ಹೇಳಿಲ್ವಾ? ವಯಸ್ಸಾದ ಮೇಲೆ ಬಿಟ್ಟುಕೊಡಬೇಕು ಅನ್ನೋದೇ ನಮ್ಮ ದಾರಿ ಅಲ್ವಾ ಮೇಷ್ಟ್ರೇ?

ಮೇಷ್ಟ್ರು ಬಸವನಗುಡಿ:
ಒಳ್ಳೇ ಪ್ರಶ್ನೆ ಗಿರೀಶ್. ಎರಿಕ್ಸನ್‌ಗೂ ಇದು ಗೊತ್ತಿತ್ತು. 1962ರಲ್ಲಿ ಬದುಕಿನ ಹಂತಗಳ ಬಗ್ಗೆಯೇ ವಿಚಾರಗೋಷ್ಠಿ ನಡೆಸಲು ಅಹಮದಾಬಾದಿಗೆ ಬಂದಿದ್ದರು. ಅಲ್ಲಿ 1918ರಲ್ಲಿ ಗಾಂಧೀಜಿ ಮುಂದೆ ನಿಂತು ನಡೆಸಿದ ಗಿರಣಿ ಕಾರ್ಮಿಕರ ಮುಷ್ಕರ ಕಂಡಿದ್ದವರನ್ನು ಭೇಟಿಯಾಗಿ, ಆಮೇಲೆ ಗಾಂಧೀಜಿ ಬಗ್ಗೆ ಪುಸ್ತಕ ಬರೆದರು. ಆದರೆ ತಾನಾಗಿ ಬಿಡುವುದೇ ಬೇರೆ, ಕೈಯಿಂದ ಕಿತ್ತುಕೊಳ್ಳುವುದೇ ಬೇರೆ. ವಾನಪ್ರಸ್ಥಕ್ಕೆ ಹೊರಡುವವನು ತಾನೇ ಎದ್ದು ಹೋಗುತ್ತಾನೆ.

ಬನಶಂಕರಿ ತಾತ:
ಅಮ್ಮಾ, ನನಗೆ 76. "ಸುಮ್ನೆ ಕೂತ್ಕೊಳ್ಳಿ" ಅಂತ ನನ್ನ ಸೊಸೆಯೂ ಪ್ರೀತಿಯಿಂದಲೇ ಹೇಳುತ್ತಾಳೆ. ಆದರೆ ನಿಮ್ಮಿಂದ ಏನೂ ಆಗಬೇಕಾಗಿಲ್ಲ ಅಂತ ನಮ್ಮ ಕಿವಿಗೆ ಕೇಳಿಸುತ್ತೆ. ನಮ್ಮ ಕಟ್ಟಡದ ಸೆಕ್ಯುರಿಟಿ ಹುಡುಗ ಅಸ್ಸಾಮಿನವನು. ಬಸ್ಸಿನ ಬೋರ್ಡ್ ಓದೋಕೆ ಬರದೆ ಒಂದು ರಾತ್ರಿ ಎಲ್ಲೋ ಇಳಿದು ನಡೆದು ಬಂದಿದ್ದ. ಮಾರನೇ ದಿನದಿಂದ ದಿನಾ ಅರ್ಧ ಗಂಟೆ ಕನ್ನಡ ಅಕ್ಷರ ಹೇಳಿಕೊಟ್ಟೆ. ಅವನು ಮೊದಲು ತಾನೇ ಓದಿದ್ದು "ಬನಶಂಕರಿ". ನನ್ನನ್ನೂ ಸ್ಟಾಪಿಗೆ ಕರೆದುಕೊಂಡು ಹೋಗಿ, ಬೆರಳಿಟ್ಟು ತೋರಿಸಿ ಓದಿದ. ಅಪ್ಪನಿಗೆ ಕೆಲಸ ಹೇಳಿ, ತಾಯಿ. ಹೊತ್ತು ಹೋಗಲಿ ಅಂತ ಹುಡುಕಿ ಕೊಡೋ ಕೆಲಸ ಬೇಡ, ಗೊತ್ತಾಗಿಬಿಡುತ್ತೆ. ನಿಮಗೆ ನಿಜವಾಗಿ ಬೇಕಾದದ್ದು ಕೇಳಿ.

ಯಶವಂತಪುರದ ಮಗಳು:
ಎಲ್ಲರಿಗೂ ಧನ್ಯವಾದ. ತಾತಾ, ನಿಮ್ಮ ಮಾತು ಓದಿ ಅತ್ತುಬಿಟ್ಟೆ. ಮಗಳಿಗೆ ಸೋಮವಾರ ಶಾಲೆಯಲ್ಲಿ ಅಭ್ಯಾಸ ಪಾಠ ಇತ್ತು, ಅಳತೆಯ ಪಾಠ. ವರ್ನಿಯರ್ ಓದೋದು ಅವಳಿಗೇ ಸರಿಯಾಗಿ ಬರುತ್ತಿರಲಿಲ್ಲ. "ತಾತನ್ನ ಕೇಳು" ಅಂದೆ. ಅಪ್ಪ ಆ ಬಟ್ಟೆ ಬಿಚ್ಚಿ, ಅವಳ ಬಳೆ ತೆಗೆಸಿ, ಅದರ ದಪ್ಪ ಅಳೆದು ತೋರಿಸಿದರು. "ಮೊದಲು ಮೇಲಿನ ಪಟ್ಟಿ ಓದು. ಆಮೇಲೆ ಕೆಳಗಿನ ಯಾವ ಗೆರೆ ಮೇಲಿನ ಗೆರೆಗೆ ನೇರ ಕೂಡುತ್ತೆ ನೋಡು. ಅವಸರ ಮಾಡಬೇಡ." ಎರಡು ಸಲ ತಪ್ಪಾಯ್ತು, ಎರಡು ಸಲವೂ ಮತ್ತೆ ಅಳೆಸಿದರು. ಒಂದೂವರೆ ಗಂಟೆ ಕೂತಿದ್ದರು ಇಬ್ಬರೂ. ಅಪ್ಪನ ದನಿ ಅಷ್ಟು ಜೋರಾಗಿ ಕೇಳಿ ತುಂಬಾ ದಿನ ಆಗಿತ್ತು.

ನಿದ್ದೆ ಇನ್ನೂ ಸರಿಯಾಗಿಲ್ಲ, ಆದ್ದರಿಂದ ಗುರುವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಫೈಲು ನಾನು ಹಿಡಿದುಕೊಳ್ಳುತ್ತೇನೆ ಅಂದೆ. "ನನ್ನ ಫೈಲು, ನಾನೇ ಹಿಡ್ಕೋತೀನಿ" ಅಂದರು.