ಸ್ಕಾಟ್ಲೆಂಡ್ ಹೈಲ್ಯಾಂಡ್ಸ್, ಗಂಡ-ಹೆಂಡತಿ ಇಬ್ಬರೇ, ಬಾಡಿಗೆ ಕಾರು, 8 ರಾತ್ರಿ: ಗೊತ್ತಿದ್ದವರು ಹೇಳಿ

ಸೆಪ್ಟೆಂಬರ್ ಎರಡನೇ ವಾರ ಎಡಿನ್‌ಬರಾದಲ್ಲಿ ಇಳಿದು ಅಲ್ಲಿಂದಲೇ ವಾಪಸ್ಸು. ನಾನು, ನಮ್ಮ ಯಜಮಾನರು ಇಬ್ಬರೇ. ಇಬ್ಬರಿಗೂ ಡ್ರೈವಿಂಗ್ ಬರುತ್ತೆ, ಚಾರ್ಮಾಡಿ, ಆಗುಂಬೆ ಘಾಟಿಗಳು ರೂಢಿ ಇವೆ. ಗ್ಲೆಂಕೋ ಮತ್ತು ಸ್ಕೈ ದ್ವೀಪ ನೋಡಲೇಬೇಕು. ನಾರ್ತ್ ಕೋಸ್ಟ್ 500 ಎಂಬ ಉತ್ತರ ಕರಾವಳಿ ರಸ್ತೆಯ ಸುತ್ತನ್ನೂ ಇದರಲ್ಲೇ ಸೇರಿಸಬಹುದಾ? ಬಾಡಿಗೆ ಕಾರಿನಲ್ಲಿ ಜನ ಎಲ್ಲಿ ಎಡವುತ್ತಾರೆ? ಇನ್ನೊಂದು, ನಾವು ಮೊಟ್ಟೆಯೂ ತಿನ್ನದ ಸಸ್ಯಾಹಾರಿಗಳು.

ಉತ್ತರ 1

ನಾರ್ತ್ ಕೋಸ್ಟ್ 500 ಈ ಸಲಕ್ಕೆ ಬಿಡಿ ಮೇಡಂ. ಅದು 516 ಮೈಲಿ, ಹತ್ತಿರಹತ್ತಿರ 830 ಕಿ.ಮೀ. ಅದೂ ಇನ್ವರ್ನೆಸ್‌ನಲ್ಲಿ ಶುರುವಾಗಿ ಇನ್ವರ್ನೆಸ್‌ನಲ್ಲೇ ಮುಗಿಯುವ ಲೆಕ್ಕ. ಎಡಿನ್‌ಬರಾದಿಂದ ಅಲ್ಲಿಗೆ ಹೋಗಿಬರಲು ಇನ್ನೂ 300 ಮೈಲಿ ಬೇಕು. ಹೈಲ್ಯಾಂಡ್ಸ್ ರಸ್ತೆಯಲ್ಲಿ ಬೋರ್ಡು 60 ಮೈಲಿ ಎಂದರೂ ದಿನದ ಸರಾಸರಿ ಗಂಟೆಗೆ 30–35 ಮೈಲಿ ದಾಟಲ್ಲ. ಗೂಗಲ್ ಹೇಳಿದ ಹೊತ್ತಿಗೆ ಮೂರನೇ ಒಂದು ಭಾಗ ಸೇರಿಸಿಕೊಳ್ಳಿ, ಫೋಟೊಗೆ ನಿಲ್ಲಿಸುವುದು ಬೇರೆ.

ನಿಮ್ಮ 8 ರಾತ್ರಿಗೆ ನನ್ನ ಹಂಚಿಕೆ: ಎಡಿನ್‌ಬರಾ 2, ಗ್ಲೆಂಕೋ ಅಥವಾ ಫೋರ್ಟ್ ವಿಲಿಯಂ 2, ಸ್ಕೈ 3, ಪಿಟ್ಲಾಕ್ರಿ 1. ದಿನಕ್ಕೊಂದು ಊರು ಬದಲಾಯಿಸಬೇಡಿ. ಅಲ್ಲಿ ಮಧ್ಯಾಹ್ನ 3–4ಕ್ಕಿಂತ ಮುಂಚೆ ರೂಮು ಕೊಡಲ್ಲ, ಬೆಳಿಗ್ಗೆ 10–11ಕ್ಕೆ ಬಿಡಿಸುತ್ತಾರೆ. ದಿನವೂ ಗಂಟುಮೂಟೆ ಕಟ್ಟಿದರೆ ಬೆಳಗಿನ ಹೊತ್ತೇ ಹೋಗುತ್ತೆ.

ಎಡಿನ್‌ಬರಾದ ಎರಡು ದಿನ ಕಾರು ಬೇಡವೇ ಬೇಡ. ಹಳೆ ಊರಲ್ಲಿ ಪಾರ್ಕಿಂಗ್ ಬರೀ ತಲೆನೋವು. ಮೂರನೇ ದಿನ ಟ್ರಾಮ್ ಹತ್ತಿ ವಿಮಾನ ನಿಲ್ದಾಣಕ್ಕೆ ವಾಪಸ್ ಹೋಗಿ ಅಲ್ಲಿ ಕಾರು ತೆಗೆದುಕೊಳ್ಳಿ. ಊರೊಳಗೆ ಓಡಿಸದೆ ನೇರ ಮೋಟಾರುದಾರಿಗೆ ಬೀಳುತ್ತೀರಿ. ಸ್ಟರ್ಲಿಂಗ್, ಕ್ಯಾಲಂಡರ್, ಲಾಕ್ ಲುಬ್ನೇಗ್ ಕೆರೆಯ ದಂಡೆ, ಕ್ರಿಯನ್‌ಲಾರಿಕ್, ಟಿಂಡ್ರಮ್, ಆಮೇಲೆ ರಾನಾಕ್ ಮೂರ್ ಎಂಬ ಬಯಲು, ಅದು ಮುಗಿದ ಕೂಡಲೇ ಗ್ಲೆಂಕೋ ಕಣಿವೆ. ಎಲ್ಲ ಸೇರಿ 115 ಮೈಲಿ ಆಸುಪಾಸು. ಗ್ಲೆಂಕೋದಲ್ಲಿ ತ್ರೀ ಸಿಸ್ಟರ್ಸ್ ಬೆಟ್ಟಗಳ ಎದುರಿನ ಪಾರ್ಕಿಂಗ್ ಜಾಗ ಚಿಕ್ಕದು. ಮಧ್ಯಾಹ್ನ ತಲುಪಿದಾಗ ತುಂಬಿದ್ದರೆ ರಸ್ತೆಬದಿ ಅರ್ಧ ಚಕ್ರ ಹತ್ತಿಸಿ ನಿಲ್ಲಿಸಬೇಡಿ. ಎರಡು ರಾತ್ರಿ ಅಲ್ಲೇ ಇರುತ್ತೀರಲ್ಲ, ಬೆಳಿಗ್ಗೆ 8ಕ್ಕೆ ಬಂದರೆ ಸಲೀಸು.

ಉತ್ತರ 2

ಮಾರ್ಗದ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಘಾಟಿ ರೂಢಿ ಇದೆ ಅಂದಿರಿ, ತಿರುವು ನಿಮಗೆ ಕಷ್ಟವಾಗಲ್ಲ. ಕಷ್ಟವಾಗುವುದು ಸಿಂಗಲ್ ಟ್ರ್ಯಾಕ್ ರಸ್ತೆ. ಎರಡೂ ಕಡೆಯ ವಾಹನಗಳಿಗೆ ಸೇರಿ ಒಂದೇ ಕಾರಿನಗಲದ ಟಾರು. ನಡುನಡುವೆ ಒಂದು ಮಗ್ಗುಲು ಸ್ವಲ್ಪ ಅಗಲ ಮಾಡಿ ಬಿಳಿ ಬೋರ್ಡು ನೆಟ್ಟಿರುತ್ತಾರೆ, ಅದೇ ಪಾಸಿಂಗ್ ಪ್ಲೇಸ್.

ಕಣ್ಣು ಮುಂದಿನ ಬೋರ್ಡಿನ ಮೇಲಿರಲಿ, ಸಾಧ್ಯವಾದರೆ ಅದರಾಚೆಯ ಬೋರ್ಡಿನ ಮೇಲೂ. ಎದುರು ಕಾರು ಕಂಡಿತು ಅನ್ನಿ. ಪಾಸಿಂಗ್ ಪ್ಲೇಸ್ ನಿಮ್ಮ ಎಡಕ್ಕಿದ್ದರೆ ಅದರೊಳಗೆ ಸರಿದು ನಿಲ್ಲಿ. ಬಲಕ್ಕಿದ್ದರೆ ಅದರೊಳಗೆ ಹೋಗಬಾರದು. ಅದರ ನೇರಕ್ಕೆ ರಸ್ತೆಯಲ್ಲೇ ನಿಂತರೆ ಎದುರಿನವರು ಆ ಜಾಗದೊಳಗೆ ತಿರುಗಿ ನಿಮ್ಮನ್ನು ಬಳಸಿಕೊಂಡು ಹೋಗುತ್ತಾರೆ. ಹೊಸಬರು ತಪ್ಪುವುದು ಇಲ್ಲೇ: ಬಲಕ್ಕೆ ನುಗ್ಗಿಬಿಡುತ್ತಾರೆ, ಎದುರಿನವರೂ ಅಲ್ಲಿಗೇ ಬರುತ್ತಿರುತ್ತಾರೆ, ಮೂತಿಗೆ ಮೂತಿ. ಏರು ಹತ್ತಿ ಬರುವವರಿಗೆ ಆದಷ್ಟು ದಾರಿ ಬಿಡಿ. ಒಂದರ ಹಿಂದೆ ನಾಲ್ಕು ಕಾರು ಬರುತ್ತಿದ್ದರೆ ನಾಲ್ಕೂ ದಾಟಲಿ. ಹಿಂದೆ ಯಾರಾದರೂ ಅಂಟಿಕೊಂಡು ಬರುತ್ತಿದ್ದರೆ ಅದೇ ಜಾಗದಲ್ಲಿ ಸರಿದು ಅವರನ್ನು ಮುಂದೆ ಬಿಡಿ. ಅವರು ಊರಿನವರು, ಕೆಲಸಕ್ಕೆ ಹೊರಟಿರುತ್ತಾರೆ. ದಾಟಿದವರು ಸ್ಟೀರಿಂಗ್ ಮೇಲಿಂದ ಬೆರಳೆತ್ತುತ್ತಾರೆ, ನೀವೂ ಎತ್ತಿ. ಪಾಸಿಂಗ್ ಪ್ಲೇಸಿನಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯುವುದು ಮಾತ್ರ ಕೂಡದು.

ಇನ್ನೊಂದು ಎಚ್ಚರ: ಟಾರಿನ ಅಂಚು ಬಿಟ್ಟು ಹುಲ್ಲಿನ ಮೇಲೆ ಚಕ್ರ ಇಳಿಸಬೇಡಿ. ಹಸಿರಾಗಿ ಗಟ್ಟಿ ನೆಲದಂತೆ ಕಾಣುತ್ತೆ, ಕೆಳಗೆ ನೀರು ಕುಡಿದ ಪೀಟ್ ಮಣ್ಣು. ಎಡಚಕ್ರ ಕುಸಿದರೆ ಕಾರಿನ ಹೊಟ್ಟೆ ಟಾರಿನ ಅಂಚಿಗೆ ಕೂತುಬಿಡುತ್ತೆ, ಎಳೆಸುವ ಖರ್ಚು ನಿಮ್ಮದೇ. ಇಳಿಯುವುದಕ್ಕಿಂತ ರಿವರ್ಸ್ ತೆಗೆಯುವುದು ಮೇಲು.

ಲೈಟು ಮಿಟುಕಿಸುವುದರ ಅರ್ಥ ಅಲ್ಲಿ ತಿರುಗುಮುರುಗು. ನಮ್ಮಲ್ಲಿ "ನಾನು ಬರ್ತಿದೀನಿ, ನಿಲ್ಲು". ಅಲ್ಲಿ ಸಾಮಾನ್ಯವಾಗಿ "ನಾನು ನಿಂತಿದೀನಿ, ನೀನು ಬಾ". ನಿಮ್ಮವರು ಅಭ್ಯಾಸಬಲದಿಂದ ಮಿಟುಕಿಸಿ ನುಗ್ಗಿದರೆ ಎದುರಿನವರೂ ನುಗ್ಗುತ್ತಾರೆ. ಹಾರ್ನ್ ಇಡೀ ವಾರ ಮುಟ್ಟದಿದ್ದರೂ ನಡೆಯುತ್ತೆ.

ಕುರಿಗಳು ರಸ್ತೆಯಲ್ಲೇ ಮಲಗಿರುತ್ತವೆ, ಟಾರು ಬೆಚ್ಚಗಿರುತ್ತಲ್ಲ. ತಾಯಿ ಒಂದು ಬದಿ, ಮರಿ ಇನ್ನೊಂದು ಬದಿ ಇದ್ದರೆ ನಿಲ್ಲಿಸಿಬಿಡಿ, ಮರಿ ಅಡ್ಡ ಓಡಿಯೇ ಓಡುತ್ತೆ. ಮುಸ್ಸಂಜೆ ಜಿಂಕೆ. ಸೆಪ್ಟೆಂಬರ್ ಮಧ್ಯದಲ್ಲಿ ಸ್ಕೈನಲ್ಲಿ ಬೆಳಕು ಹೆಚ್ಚುಕಡಿಮೆ ಬೆಳಿಗ್ಗೆ 7ರಿಂದ ಸಂಜೆ 7:30ರವರೆಗೆ, ಅಷ್ಟರೊಳಗೆ ರೂಮು ಸೇರಿ.

ಉತ್ತರ 3

ಬಾಡಿಗೆ ಕಾರಿನ ಬಗ್ಗೆ ಕೇಳಿದ್ದಿರಿ.

ಭಾರತದ ಲೈಸೆನ್ಸ್ ಬ್ರಿಟನ್ನಿನಲ್ಲಿ ಪ್ರವಾಸಿಗರಿಗೆ 12 ತಿಂಗಳು ನಡೆಯುತ್ತೆ. ಇಂಟರ್‌ನ್ಯಾಷನಲ್ ಪರ್ಮಿಟ್ ಕಾನೂನಿಗೆ ಬೇಡ, ಆದರೆ ಕೆಲವು ಬಾಡಿಗೆ ಕಂಪನಿಗಳು ಷರತ್ತಿನಲ್ಲಿ ಕೇಳುತ್ತವೆ. ಬುಕ್ ಮಾಡುವ ಮುನ್ನ ಓದಿ, ಇದ್ದರೆ ಆರ್‌ಟಿಒದಲ್ಲಿ ಮಾಡಿಸಿಕೊಂಡೇ ಹೊರಡಿ. ಠೇವಣಿಗೆ ಕ್ರೆಡಿಟ್ ಕಾರ್ಡ್ ಬೇಕು, ಅದು ಮುಖ್ಯ ಚಾಲಕರ ಹೆಸರಲ್ಲೇ ಇರಬೇಕು. ಯಜಮಾನರ ಹೆಸರಲ್ಲಿ ಕಾರು, ನಿಮ್ಮ ಹೆಸರಲ್ಲಿ ಕಾರ್ಡು ಅಂದರೆ ಕೌಂಟರಿನಲ್ಲೇ ನಿಲ್ಲಿಸುತ್ತಾರೆ. ಇಬ್ಬರೂ ಓಡಿಸುವುದಾದರೆ ಎರಡನೇ ಚಾಲಕರ ಹೆಸರು ಸೇರಿಸಿ. ಹೆಸರಿಲ್ಲದವರು ಓಡಿಸುವಾಗ ತಾಗಿದರೆ ವಿಮೆಯೇ ಇಲ್ಲ.

ಆಟೊಮ್ಯಾಟಿಕ್ ಬೇಕಿದ್ದರೆ ಬುಕ್ ಮಾಡುವಾಗಲೇ ಆರಿಸಿ. ಚಿಕ್ಕ ಹ್ಯಾಚ್‌ಬ್ಯಾಕ್ ಸಾಕು, ಕೌಂಟರಿನಲ್ಲಿ ದೊಡ್ಡದು ಕೊಡುತ್ತೇವೆ ಅಂದರೂ ಬೇಡ ಅನ್ನಿ. ಸ್ಕೈ ರಸ್ತೆಯಲ್ಲಿ ಒಂದೊಂದು ಅಂಗುಲವೂ ಲೆಕ್ಕ. ಆದರೆ ಅದರ ಡಿಕ್ಕಿಯಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಹಿಡಿಸಲ್ಲ. ಒಂದು ಮಧ್ಯಮ ಸೂಟ್‌ಕೇಸ್, ಒಂದು ಮೆತ್ತನೆ ಬ್ಯಾಗು ತಂದರೆ ಆಯಿತು.

ವಿಮೆ ಇದ್ದರೂ ಎಕ್ಸೆಸ್ ಅಂತ ಒಂದು ಮೊತ್ತ ನಿಮ್ಮ ತಲೆಯ ಮೇಲಿರುತ್ತೆ, ಸಾವಿರ ಪೌಂಡ್ ದಾಟುವುದು ಮಾಮೂಲು. ಅದನ್ನು ಇಳಿಸುವ ಪ್ಯಾಕೇಜ್ ಕೊಳ್ಳುವಾಗ ಟೈರು, ಗಾಜು, ಕಾರಿನ ತಳಭಾಗ ಸೇರಿದೆಯೇ ನೋಡಿ. ಅಲ್ಲಿ ಪೆಟ್ಟು ಬೀಳುವುದೇ ಈ ಮೂರಕ್ಕೆ: ಗುಂಡಿಯ ಅಂಚಿಗೆ ಟೈರಿನ ಪಕ್ಕೆ ಸೀಳುತ್ತೆ, ಎದುರು ಲಾರಿಯಿಂದ ಜಲ್ಲಿ ಹಾರುತ್ತೆ.

ಕಾರು ಪಡೆಯುವಾಗ ಮಳೆ ಇದ್ದರೆ (ಇರುತ್ತೆ) ಬಂಪರ್, ಬಾಗಿಲಿನ ಅಂಚು, ನಾಲ್ಕೂ ಚಕ್ರದ ರಿಮ್ ಬಟ್ಟೆಯಿಂದ ಒರೆಸಿ ವಿಡಿಯೊ ಮಾಡಿ. ನೀರಿನ ಕೆಳಗೆ ಗೀರು ಕಾಣಲ್ಲ, ಒಣಗಿದ ಮೇಲೆ ಅದು ನಿಮ್ಮ ಗೀರಾಗುತ್ತೆ.

ಜನ ಎಣಿಸದೇ ಇರುವ ಹಾನಿ ಗಾಳಿಯದ್ದು. ಸ್ಕೈನ ಕ್ವಿರಾಂಗ್ ಅಥವಾ ನೀಸ್ಟ್ ಪಾಯಿಂಟ್ ಮೇಲೆ ಬಾಗಿಲು ತೆರೆದ ಕ್ಷಣವೇ ಗಾಳಿ ಅದನ್ನು ಕಿತ್ತುಕೊಂಡು ಹಿಂದಕ್ಕೆ ಮಡಚುತ್ತೆ, ಹಿಂಜ್ ಬಾಗಿ ಬಾಗಿಲು ಮತ್ತೆ ಕೂರಲ್ಲ. ಎಷ್ಟೋ ಪಾಲಿಸಿಗಳು ಇದಕ್ಕೆ ಹಣ ಕೊಡಲ್ಲ. ಮೂತಿ ಗಾಳಿಗೆದುರಾಗಿ ಇರುವಂತೆ ನಿಲ್ಲಿಸಿ; ಬಾಗಿಲು ಎರಡು ಕೈಯಲ್ಲಿ ಹಿಡಿದು ತೆರೆಯಿರಿ; ಇಬ್ಬರೂ ಒಟ್ಟಿಗೆ ತೆರೆಯಬೇಡಿ, ಗಾಳಿ ಕಾರಿನೊಳಗೆ ಹಾದು ಇನ್ನೊಂದನ್ನು ಒದೆಯುತ್ತೆ.

ಬಂಕಿನಲ್ಲಿ ನೀವೇ ತುಂಬಬೇಕು. ಹಸಿರು ನಳಿಕೆ ಪೆಟ್ರೋಲ್, ಕಪ್ಪು ಡೀಸೆಲ್. ತಪ್ಪು ತುಂಬಿದರೆ ಕಾರು ಸ್ಟಾರ್ಟ್ ಮಾಡಲೇಬೇಡಿ, ಹಾಗೇ ನಿಲ್ಲಿಸಿ ಕಂಪನಿಗೆ ಫೋನ್ ಮಾಡಿ. ಸ್ಟಾರ್ಟ್ ಮಾಡಿದರೆ ಟ್ಯಾಂಕಿನ ಖರ್ಚು ಎಂಜಿನ್ನಿನ ಖರ್ಚಾಗುತ್ತೆ. ಅರ್ಧ ಟ್ಯಾಂಕಿಗೆ ಇಳಿದಾಗೆಲ್ಲ ತುಂಬಿ. ಫೋರ್ಟ್ ವಿಲಿಯಂ, ಬ್ರಾಡ್‌ಫರ್ಡ್, ಪೋರ್ಟ್ರಿ ಊರುಗಳ ಬಂಕುಗಳನ್ನು ನೆನಪಿಡಿ.

ಕೇಳಿದವರು

ತುಂಬಾ ಉಪಕಾರ. ಫೋರ್ಟ್ ವಿಲಿಯಂನಿಂದ ಸ್ಕೈಗೆ ಹಡಗಿನಲ್ಲಿ ಹೋಗುವುದಾ, ಸೇತುವೆ ಮೇಲಾ?

ಉತ್ತರ 4

ಹೋಗುತ್ತಾ ಹಡಗು, ಬರುತ್ತಾ ಸೇತುವೆ. ಆಗ ಒಂದೇ ದಾರಿ ಎರಡು ಸಲ ಆಗಲ್ಲ.

ಫೋರ್ಟ್ ವಿಲಿಯಂನಿಂದ ಮಲೇಗ್ ಬಂದರು 43 ಮೈಲಿ. ದಾರಿಯಲ್ಲೇ ಗ್ಲೆನ್‌ಫಿನನ್, 21 ಕಮಾನಿನ ರೈಲು ಸೇತುವೆ. ಹಬೆ ರೈಲು ದಾಟುವುದನ್ನೇ ನೋಡಬೇಕೆಂದರೆ ಆ ಸೀಸನ್ನಿನ ವೇಳಾಪಟ್ಟಿ ನೋಡಿಕೊಂಡು ಒಂದು ಗಂಟೆಯಾದರೂ ಮುಂಚೆ ಹೋಗಿ. ಪಾರ್ಕಿಂಗ್ ತುಂಬಿದರೆ ಹೆದ್ದಾರಿ ಬದಿ ನಿಲ್ಲಿಸಲು ಬಿಡಲ್ಲ, ಮೇಲೆ ಹತ್ತಲು ಕಾಲು ಗಂಟೆ ಬೇಕು. ಮಲೇಗ್‌ನಿಂದ ಆರ್ಮಡೇಲ್‌ಗೆ ಕ್ಯಾಲ್‌ಮ್ಯಾಕ್ ಕಂಪನಿಯ ಹಡಗಿನಲ್ಲಿ ಕಾರಿಗೆ ಮುಂಗಡ ಬುಕ್ಕಿಂಗ್ ಮಾಡಿಸಿ, ಅರ್ಧ ಗಂಟೆ ಮುಂಚೆ ಸಾಲಿನಲ್ಲಿರಿ. ಹವಾಮಾನ ಕೆಟ್ಟು ಹಡಗು ರದ್ದಾದರೆ ಮಲೇಗ್‌ನಿಂದ ಹಿಂದಿರುಗಿ ಸೇತುವೆ ಮುಟ್ಟಲು ಸುಮಾರು 120 ಮೈಲಿ, 3 ಗಂಟೆಯ ಮಾತು. ಹಾಗಾಗಿ ಗ್ಲೆಂಕೋ ಬಿಡುವ ಮುನ್ನವೇ ಕ್ಯಾಲ್‌ಮ್ಯಾಕ್ ಸೈಟಿನಲ್ಲಿ ಆ ದಿನದ ಸ್ಥಿತಿ ನೋಡಿ.

ವಾಪಸ್ಸು ಸ್ಕೈ ಸೇತುವೆಗೆ ಟೋಲ್ ಇಲ್ಲ, 2004ರ ಕೊನೆಗೆ ತೆಗೆದರು. ದಾಟಿದ ಮೇಲೆ ಡೋರ್ನಿಯಲ್ಲಿ ಐಲಿಯನ್ ಡೋನನ್ ಕೋಟೆ, ಮುಂದೆ ಗ್ಲೆನ್ ಶೀಲ್ ಕಣಿವೆ, ಇನ್ವರ್‌ಗ್ಯಾರಿ, ಸ್ಪೀನ್ ಬ್ರಿಜ್, ಅಲ್ಲಿಂದ ಲ್ಯಾಗನ್ ಕಡೆ ತಿರುಗಿ ಎ9 ಹೆದ್ದಾರಿ ಹಿಡಿದು ಪಿಟ್ಲಾಕ್ರಿ. ನೆಟ್ಟಗೆ ಓಡಿಸಿದರೆ 4 ಗಂಟೆ, ನಿಮಗೆ ಇಡೀ ದಿನ. ಲಾಕ್ ನೆಸ್ ಈ ದಾರಿಯಲ್ಲಿ ಸಿಗಲ್ಲ. ನನ್ನ ಮಟ್ಟಿಗೆ ನಷ್ಟವೇನಿಲ್ಲ. ಉದ್ದನೆ ಕಪ್ಪು ನೀರು, ರಸ್ತೆಗೂ ಅದಕ್ಕೂ ನಡುವೆ ಮರಗಳ ಗೋಡೆ. ಗ್ಲೆನ್ ಶೀಲ್ ಅದಕ್ಕಿಂತ ಎಷ್ಟೋ ಚೆಂದ.

ಎ9ರಲ್ಲಿ ಡನ್‌ಬ್ಲೇನ್‌ವರೆಗೂ ಸರಾಸರಿ ವೇಗ ಅಳೆಯುವ ಕ್ಯಾಮೆರಾ. ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ ಪ್ರಯೋಜನವಿಲ್ಲ. ಜೋಡಿರಸ್ತೆಯಲ್ಲಿ 70, ಒಂಟಿರಸ್ತೆಯಲ್ಲಿ 60, ಮೈಲಿಗಳಲ್ಲಿ. ಜೋಡಿರಸ್ತೆ ಹಠಾತ್ತನೆ ಒಂಟಿಯಾಗುತ್ತೆ, ಬೋರ್ಡು ನೋಡದೆ ಬಲಗಡೆಗೆ ಸರಿದು ಓವರ್‌ಟೇಕ್ ಮಾಡಿದರೆ ಎದುರು ವಾಹನ ಇರುತ್ತೆ. ಅಪಘಾತಗಳು ಆಗುವುದು ಅಲ್ಲೇ.

ಕುಡಿಯುವವರಾದರೆ: ಸ್ಕಾಟ್ಲೆಂಡಿನ ಮಿತಿ 100 ಮಿ.ಲೀ. ರಕ್ತಕ್ಕೆ 50 ಮಿ.ಗ್ರಾಂ, ಇಂಗ್ಲೆಂಡಿನದ್ದು 80. ವಿಸ್ಕಿ ಡಿಸ್ಟಿಲರಿಗೆ ಹೋದರೆ ಚಾಲಕರ ಪಾಲನ್ನು ಪುಟ್ಟ ಬಾಟಲಿಯಲ್ಲಿ ಕೊಡುತ್ತೀರಾ ಅಂತ ಕೇಳಿ, ಬಹಳ ಕಡೆ ಕೊಡುತ್ತಾರೆ.

ಉತ್ತರ 5

ಅಕ್ಕ, ಊಟದ್ದು ನಾನು ಹೇಳ್ತೀನಿ. ಅಲ್ಲಿ "ವೆಜಿಟೇರಿಯನ್" ಅಂದರೆ ಮೊಟ್ಟೆ ಸೇರಿಯೇ. ಆದ್ದರಿಂದ "ವೀಗನ್" ಅಂತ ಕೇಳಿ, ಆಮೇಲೆ ಹಾಲು-ಬೆಣ್ಣೆ ಪರವಾಗಿಲ್ಲ ಅನ್ನಿ. ಇಲ್ಲದಿದ್ದರೆ ಮೊಟ್ಟೆ ಎಲ್ಲೆಲ್ಲಿ ಬರುತ್ತೆ ಅಂತ ಹೇಳಲಾಗಲ್ಲ: ಹಸಿ ಪಾಸ್ತಾ, ಕ್ವಾರ್ನ್‌ನ (ಮಾಂಸದ ಬದಲಿ ತಿನಿಸಿನ ಬ್ರ್ಯಾಂಡ್) ಹಲವು ಪದಾರ್ಥ, ಬರ್ಗರಿನ ಬನ್ನಿನ ಮೇಲಿನ ಹೊಳಪು.

ಬೇಳೆ ಸೂಪ್ ಅಂತ ನಂಬಬೇಡಿ. ಸ್ಕಾಟಿಷ್ ಲೆಂಟಿಲ್ ಸೂಪನ್ನು ಹಳೆ ಪದ್ಧತಿಯಲ್ಲಿ ಹಂದಿಮಾಂಸದ ಸ್ಟಾಕಿನಲ್ಲಿ ಮಾಡುತ್ತಾರೆ. ಚಿಪ್ಸ್ ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿದಿರುತ್ತೆ, ಕೇಳಿ. ಹ್ಯಾಗಿಸ್‌ನ (ಕುರಿಯ ಒಳಾಂಗಗಳಿಂದ ಮಾಡುವ ಅಲ್ಲಿನ ಖಾದ್ಯ) ಸಸ್ಯಾಹಾರಿ ರೂಪ ಚೆನ್ನಾಗಿರುತ್ತೆ, ಓಟ್ಸ್, ಬೇಳೆ, ಕಾಳುಗಳದ್ದು. ಹಳ್ಳಿ ಕಡೆ ಅಡುಗೆಮನೆ ರಾತ್ರಿ 8–8:30ಕ್ಕೇ ಮುಚ್ಚುತ್ತೆ, ಪೋರ್ಟ್ರಿಯಲ್ಲಿ ಟೇಬಲ್ ಮೊದಲೇ ಬುಕ್ ಮಾಡಿ.

ಸ್ಕೈನ 3 ರಾತ್ರಿ ಅಡುಗೆಮನೆ ಇರುವ ಮನೆ ಹಿಡಿಯುವುದು ಒಳ್ಳೆಯದು. ಅಕ್ಕಿ, ಮೊಸರು, ತರಕಾರಿ ಫೋರ್ಟ್ ವಿಲಿಯಂನ ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲೇ ತಗೊಳ್ಳಿ. ಊರಿಂದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಬಹುದು. ತುಪ್ಪ, ಹಾಲಿನ ಪದಾರ್ಥ, ಹಸಿ ಕರಿಬೇವು ಬ್ರಿಟನ್ನಿಗೆ ತರುವಂತಿಲ್ಲ. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಚಿಮಣಿ ಹಾಕಿ. 2022ರಿಂದ ಅಲ್ಲಿನ ಮನೆಗಳ ಅಲಾರಂಗಳು ಒಂದಕ್ಕೊಂದು ಜೋಡಿಸಿರಬೇಕೆಂಬ ನಿಯಮ. ಹಜಾರದ್ದು ಸಾಸಿವೆ-ಮೆಣಸಿನಕಾಯಿ ಹೊಗೆಗೆ ಕೂಗಿದರೆ ಇಡೀ ಮನೆ ಕೂಗುತ್ತೆ.

ಉತ್ತರ 6

ಎರಡು ಹುಳು ಮರೆತಿರಿ ಎಲ್ಲರೂ. ಮಿಜ್ ಎಂಬ ನೊರಜು ಸೆಪ್ಟೆಂಬರ್‌ನಲ್ಲಿ ಕಡಿಮೆಯಾಗುತ್ತಾ ಬಂದರೂ ಗಾಳಿಯಿಲ್ಲದ ಮೋಡದ ಸಂಜೆ ಮುತ್ತಿಕೊಳ್ಳುತ್ತೆ. ಅಲ್ಲಿನ ಅಂಗಡಿಗಳಲ್ಲಿ ಸ್ಮಿಜ್ ಅನ್ನುವ ಸ್ಪ್ರೇ ಸಿಗುತ್ತೆ, ತಲೆಗೆ ಬಲೆಯೂ ಸಿಗುತ್ತೆ. ಇನ್ನೊಂದು ಉಣುಗು. ನಮ್ಮ ಮಲೆನಾಡಿನಲ್ಲಿ ಅದರಿಂದ ಮಂಗನ ಕಾಯಿಲೆ, ಅಲ್ಲಿ ಲೈಮ್ ಕಾಯಿಲೆ. ಜರೀಗಿಡ, ಉದ್ದ ಹುಲ್ಲಿನಲ್ಲಿ ನಡೆದ ದಿನ ಮಂಡಿಯ ಹಿಂದೆ, ತೊಡೆಸಂದು, ಸೊಂಟಪಟ್ಟಿಯ ಜಾಗ ನೋಡಿಕೊಳ್ಳಿ. ಕಚ್ಚಿದ್ದರೆ ಚೂಪು ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಊರಿಗೆ ಬಂದ ಮೇಲೆ ಕಚ್ಚಿದ ಜಾಗದಲ್ಲಿ ಕೆಂಪು ವರ್ತುಲ ಹರಡಿದರೆ ಡಾಕ್ಟರಿಗೆ ಸ್ಕಾಟ್ಲೆಂಡಿಗೆ ಹೋಗಿದ್ದನ್ನು ಹೇಳಿ.

ಕೊಡೆ ಒಯ್ಯಬೇಡಿ, ಗಾಳಿಗೆ ನಿಲ್ಲಲ್ಲ. ಹುಡ್ ಇರುವ ಜಲನಿರೋಧಕ ಜಾಕೆಟ್, ಪ್ಯಾಂಟಿನ ಮೇಲೆ ಹಾಕುವ ಇನ್ನೊಂದು ಮಳೆಪ್ಯಾಂಟ್. ಗೂಗಲ್ ನಕಾಶೆ ಆಫ್‌ಲೈನ್ ಇಳಿಸಿಕೊಳ್ಳಿ, ಕಣಿವೆಗಳಲ್ಲಿ ಸಿಗ್ನಲ್ ಇಲ್ಲ.

ಪಿಟ್ಲಾಕ್ರಿಯಿಂದ ಕೊನೆದಿನ ವಿಮಾನ ಸಂಜೆಯದ್ದಾದರೆ ಒಂದು ಸುತ್ತು ಸಾಧ್ಯ: ಪರ್ತ್ ದಾಟಿ ಕ್ರೀಫ್. ಅಲ್ಲಿಂದ ಕೋಮ್ರಿ ಕಡೆಗೆ ಹೋಗುವ ರಸ್ತೆಯ ಪಕ್ಕದ ಗುಡ್ಡದ ಮೇಲೆ ಒಂದು ಕಲ್ಲಿನ ಸ್ತಂಭ ಇದೆ, ಡೇವಿಡ್ ಬೇರ್ಡ್‌ನದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಅವನೇ. ನಮ್ಮ ಕಡೆಯವರಿಗಲ್ಲದೆ ಇನ್ಯಾರಿಗೂ ಆ ತಿರುವು ಬೇಕಾಗಲ್ಲ.

ಸ್ಕಾಟ್ಲೆಂಡಿನ ಬ್ಯಾಂಕುಗಳು ಅಚ್ಚು ಹಾಕಿದ ಪೌಂಡ್ ನೋಟುಗಳು ಉಳಿದರೆ ಅಲ್ಲೇ ಪೆಟ್ರೋಲಿಗೆ ಖರ್ಚು ಮಾಡಿ. ಇಲ್ಲಿನ ಹಣ ಬದಲಾವಣೆ ಅಂಗಡಿಗಳಲ್ಲಿ ಅವುಗಳನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಕೊಡುತ್ತಾರೆ.