ಒಬ್ಬರೇ ಹೊರಟವರಿಗೆ ಗೈಡ್ ಜೊತೆಗಿನ ಒಂದು ದಿನದ ಪ್ರವಾಸ: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನನಗೆ 51 ವರ್ಷ. ಇದೇ ಮೊದಲ ಸಲ ಒಬ್ಬಳೇ ವಿದೇಶಕ್ಕೆ ಹೊರಟಿದ್ದೇನೆ. ರೋಮ್‌ಗೆ ಹೋದಾಗ ವ್ಯಾಟಿಕನ್ ವಸ್ತುಸಂಗ್ರಹಾಲಯಗಳನ್ನೂ, ಸ್ಪೇನಿನ ಗ್ರನಾಡಾದಲ್ಲಿ ಅಲ್ಹಂಬ್ರಾ ಎಂಬ ಕೋಟೆ-ಅರಮನೆಯನ್ನೂ ನೋಡಬೇಕೆಂದಿದ್ದೇನೆ. ಗೈಡ್ ಇರುವ ಗುಂಪು ಪ್ರವಾಸಕ್ಕೆ ಸೇರಲೋ, ಆಡಿಯೋ ಗೈಡ್ ಹಿಡಿದು ನನ್ನಷ್ಟಕ್ಕೆ ನಾನೇ ನೋಡಲೋ ಎಂದು ತೀರ್ಮಾನಿಸಲಾಗುತ್ತಿಲ್ಲ. ದಂಪತಿಗಳು, ಕುಟುಂಬಗಳು ತುಂಬಿದ ಗುಂಪಿನಲ್ಲಿ ಒಂಟಿಯಾಗಿಬಿಡುತ್ತೇನೆಂಬ ಅಳುಕೂ ಇದೆ.

ಉತ್ತರ (ಪ್ರವಾಸಿ ಮಾರ್ಗದರ್ಶಕ): ನಮಸ್ಕಾರ ಮೇಡಂ. ನೀವು ಹೆಸರಿಸಿದ ಎರಡೂ ತಾಣಗಳಿಗೆ ಗೈಡ್ ಜೊತೆಯಲ್ಲಿಯೇ ಹೋಗಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ವ್ಯಾಟಿಕನ್‌ನ ಸಿಸ್ಟೀನ್ ಪ್ರಾರ್ಥನಾಮಂದಿರದಲ್ಲಿ ಮೌನ ಪಾಲಿಸಬೇಕು, ಛಾಯಾಚಿತ್ರ ತೆಗೆಯುವಂತಿಲ್ಲ. ಆದ್ದರಿಂದ ಒಳ್ಳೆಯ ಗೈಡ್ ಒಳಗೆ ಹೋಗುವ ಮೊದಲೇ, ಹೊರಗಿನ ಚಿತ್ರಫಲಕಗಳ ಮುಂದೆ ನಿಂತು ಎಲ್ಲವನ್ನೂ ವಿವರಿಸಿಬಿಡುತ್ತಾರೆ. ಮೈಕೆಲೇಂಜಲೊ 1508ರಿಂದ 1512ರವರೆಗೆ ಆ ಛಾವಣಿಯನ್ನು ಚಿತ್ರಿಸಿದಾಗ ಪ್ರವೇಶದ್ವಾರದ ಕಡೆಯ, ಬೈಬಲ್ಲಿನ ನೋಹನ ಕಥೆಗಳಿಂದ ಆರಂಭಿಸಿದ್ದನೆಂದೂ, ಅಲ್ಲಿ ಕಿಕ್ಕಿರಿದಿರುವ ಸಣ್ಣ ಆಕೃತಿಗಳು ಬಲಿಪೀಠದ ಕಡೆ ಸಾಗಿದಂತೆ ದೊಡ್ಡವಾಗಿ, ಸರಳವಾಗಿ ಬದಲಾಗುತ್ತವೆಂದೂ ತಿಳಿದ ಮೇಲೆ ತಲೆಯೆತ್ತಿ ನೋಡಿದರೆ, ಒಬ್ಬ ಕಲಾವಿದ ಕೆಲಸ ಮಾಡುತ್ತಲೇ ಕಲಿತದ್ದು ಕಣ್ಣಿಗೆ ಕಾಣುತ್ತದೆ. ಆ ಕ್ಷಣದಲ್ಲಿ ಗುಂಪಿನಲ್ಲಿರುವ ಪ್ರತಿಯೊಬ್ಬರೂ ಒಬ್ಬಂಟಿಯೇ. ಪಕ್ಕದವರಿಗೆ ಉತ್ತರಿಸುವ, ಮಕ್ಕಳನ್ನು ಸಮಾಧಾನಪಡಿಸುವ ಹೊಣೆ ನಿಮಗಿಲ್ಲದಿರುವುದರಿಂದ ನಿಮಗೇ ಹೆಚ್ಚು ದಕ್ಕುತ್ತದೆ. ಇಷ್ಟು ವರ್ಷ ಗುಂಪುಗಳನ್ನು ಕರೆದೊಯ್ದಿದ್ದೇನೆ. ಅತ್ಯಂತ ಗಮನವಿಟ್ಟು ಕೇಳಿದವರಲ್ಲಿ ಒಬ್ಬರೇ ಬಂದವರೇ ಹೆಚ್ಚು.

ಅಲ್ಹಂಬ್ರಾದ ಮಾತು ಬೇರೆ. ಅಲ್ಲಿ ಗೋಡೆಗಳೇ ಮಾತನಾಡುತ್ತವೆ, ಆದರೆ ಅರಬ್ಬಿಯಲ್ಲಿ. 'ದೇವರಲ್ಲದೆ ಬೇರೆ ವಿಜಯಿಯಿಲ್ಲ' ಎಂಬ, ಗ್ರನಾಡಾವನ್ನು ಆಳಿದ ನಸ್ರಿದ್ ವಂಶದ ಮುಸ್ಲಿಂ ಅರಸರ ಧ್ಯೇಯವಾಕ್ಯ ಗೋಡೆಗಳ ಮೇಲೆ ಮತ್ತೆ ಮತ್ತೆ ಕೆತ್ತಿದೆ. 14ನೇ ಶತಮಾನದಲ್ಲಿ ಅದೇ ವಂಶದ ಸುಲ್ತಾನ ಐದನೆಯ ಮುಹಮ್ಮದನ ಕಾಲದಲ್ಲಿ ರೂಪುಗೊಂಡ ಸಿಂಹಗಳ ಅಂಗಳದಲ್ಲಿ, 12 ಸಿಂಹಗಳು ಹೊತ್ತ ಕಾರಂಜಿಯ ಬೋಗುಣಿಯ ಅಂಚಿನಲ್ಲಿ ಇಬ್ನ್ ಜಮ್ರಕ್ ಕವಿಯ ಸಾಲುಗಳಿವೆ. ಅವನ್ನು ತೋರಿಸಿ ಅರ್ಥ ಹೇಳುವವರಿಲ್ಲದಿದ್ದರೆ ನಾವು ಕವಿತೆಯನ್ನು ಬರಿಯ ಬಳ್ಳಿಯ ಅಲಂಕಾರವೆಂದುಕೊಂಡು ಮುಂದೆ ಸಾಗುತ್ತೇವೆ. ಆಡಿಯೋ ಗೈಡ್ ಕೂಡ ಅರ್ಥ ಹೇಳೀತು, ಆದರೆ ನಿಮಗೆ ಹುಟ್ಟಿದ ಪ್ರಶ್ನೆಗೆ ಅದು ಉತ್ತರಿಸುವುದಿಲ್ಲ.

ಮರುಪ್ರಶ್ನೆ: ತುಂಬಾ ಧನ್ಯವಾದ ಸರ್. ಗುಂಪನ್ನು ಆರಿಸಿಕೊಳ್ಳುವಾಗ ಏನನ್ನು ಗಮನಿಸಬೇಕು? ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ ಏನು ಮಾಡಲಿ?

ಉತ್ತರ: ಗುಂಪಿನ ಗರಿಷ್ಠ ಸಂಖ್ಯೆ ಎಷ್ಟೆಂದು ಮೊದಲು ಕೇಳಿ. 15ಕ್ಕಿಂತ ಕಡಿಮೆಯಿದ್ದರೆ ಗೈಡ್‌ಗೆ ನಿಮ್ಮ ಮುಖ ನೆನಪಿರುತ್ತದೆ. ಬಳಿಕ ಕನಿಷ್ಠ ಸಂಖ್ಯೆಯನ್ನೂ ಕೇಳಿ. ಅಷ್ಟು ಜನ ಸೇರದಿದ್ದರೆ ಪ್ರವಾಸ ರದ್ದಾಗಬಹುದು, ಆಗ ಹಣ ಮರಳುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಜೊತೆಯಲ್ಲಿ ಬರುವವರು ಪರವಾನಗಿ ಪಡೆದ ಗೈಡೋ, ಗುಂಪನ್ನು ಬಾಗಿಲವರೆಗೆ ಮುಟ್ಟಿಸುವ ಸಿಬ್ಬಂದಿಯೋ ಎಂಬುದನ್ನು ತಿಳಿದುಕೊಳ್ಳದೆ ಹಣ ಕಟ್ಟಬೇಡಿ, ಏಕೆಂದರೆ ಇವೆರಡು ಬೇರೆ ಬೇರೆ ಕೆಲಸಗಳು.

ತಪ್ಪಿಸಿಕೊಳ್ಳುವ ಭಯ ಸಹಜವಾದದ್ದೇ. ಕುಟುಂಬದಲ್ಲಿ ಒಬ್ಬರು ಹಿಂದುಳಿದರೆ ಉಳಿದವರು ಕೂಗಿ ಹೇಳುತ್ತಾರೆ, ಆದರೆ ನೀವು ಹಿಂದುಳಿದರೆ ಗೈಡ್ ತಲೆ ಎಣಿಸುವವರೆಗೂ ಯಾರಿಗೂ ತಿಳಿಯದಿರಬಹುದು. ಆದ್ದರಿಂದ ಹೊರಡುವ ಮೊದಲೇ 'ನಾನು ಒಬ್ಬಳೇ ಬಂದಿದ್ದೇನೆ' ಎಂದು ಗೈಡ್‌ಗೆ ಹೇಳಿ, ಅವರ ಫೋನ್ ಸಂಖ್ಯೆಯನ್ನೂ ಮುಂದೆ ಸೇರುವ ಜಾಗವನ್ನೂ ಬರೆದುಕೊಳ್ಳಿ. ಹಾಗೆ ಹೇಳಿಕೊಳ್ಳುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ನಮಗದು ನಿಜಕ್ಕೂ ಉಪಕಾರ. ಕಿವಿಗೆ ಹಾಕಿಕೊಳ್ಳಲು ಕೊಡುವ ಉಪಕರಣದಲ್ಲಿ ಗೈಡ್‌ನ ದನಿ ಕ್ಷೀಣಿಸತೊಡಗಿದರೆ ದೂರವಾಗುತ್ತಿದ್ದೀರಿ ಎಂದೇ ಅರ್ಥ. ಆಗ ಹುಡುಕುತ್ತಾ ಅಲೆಯದೆ, ಇದ್ದಲ್ಲೇ ನಿಂತು ಕರೆ ಮಾಡಿ.

ಇನ್ನೊಬ್ಬರ ಪ್ರಶ್ನೆ: ಒಬ್ಬರೇ ಹೋದರೆ ಹೆಚ್ಚು ಹಣ ಕೊಡಬೇಕಾಗುತ್ತದೆಯೇ ಸರ್?

ಉತ್ತರ: ಒಂದು ದಿನದ ಗುಂಪು ಪ್ರವಾಸದಲ್ಲಿ ಸಾಮಾನ್ಯವಾಗಿ ಇಲ್ಲ. ಒಬ್ಬರಿಗೆಂದು ವಿಧಿಸುವ ಹೆಚ್ಚುವರಿ ಶುಲ್ಕ ಹುಟ್ಟುವುದು ಹೋಟೆಲ್ ಕೋಣೆಯಿಂದ. ಖಾಸಗಿ ಗೈಡ್‌ನ ಶುಲ್ಕ ಮಾತ್ರ ಹಂಚಿಕೊಳ್ಳುವವರಿಲ್ಲದೆ ಪೂರ್ತಿ ನಿಮ್ಮ ಮೇಲೆಯೇ ಬೀಳುತ್ತದೆ.

ಮೇಡಂ, ನಿಮಗೆ ಇನ್ನೆರಡು ಮಾತು. ಅಲ್ಹಂಬ್ರಾದ ಟಿಕೆಟ್ಟಿನಲ್ಲಿ ನಿಮ್ಮ ಹೆಸರಿರುತ್ತದೆ, ಆದ್ದರಿಂದ ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ನಸ್ರಿದ್ ಅರಮನೆಗಳಿಗೆ ಟಿಕೆಟ್ಟಿನಲ್ಲಿ ನಮೂದಿಸಿದ ಹೊತ್ತಿಗೇ ಪ್ರವೇಶಿಸಬೇಕು. ವ್ಯಾಟಿಕನ್‌ಗೆ ಭುಜ, ಮೊಣಕಾಲು ಮುಚ್ಚುವ ಉಡುಪು ಧರಿಸಿ ಹೋಗಿ. ಅಲ್ಲಿನ ವಸ್ತುಸಂಗ್ರಹಾಲಯಗಳು ತಿಂಗಳ ಕೊನೆಯದನ್ನು ಬಿಟ್ಟು ಉಳಿದ ಭಾನುವಾರಗಳಂದು ಮುಚ್ಚಿರುತ್ತವೆ. ಆ ಕೊನೆಯ ಭಾನುವಾರ ಪ್ರವೇಶ ಉಚಿತವಾದ್ದರಿಂದ ನೂಕುನುಗ್ಗಲು ವಿಪರೀತ. ವಾರದ ನಡುವಿನ ಒಂದು ಬೆಳಗ್ಗೆಯನ್ನು ಆರಿಸಿಕೊಳ್ಳಿ.