ತಾಗು, ಗುದ್ದು, ಹಾಯು: ಕಾರು ಪಂದ್ಯಕ್ಕೆ ಯಾವ ಮಾತು?

ಬಳಗದವರಿಗೆ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನನಗೆ ನಾಸ್ಕಾರ್, ಅಂದರೆ ಅಮೆರಿಕದ ಸ್ಟಾಕ್ ಕಾರ್ ಪಂದ್ಯಗಳ, ಹುಚ್ಚು. ಶಾರ್ಲೆಟ್‌ನಲ್ಲಿ ನೆಲೆಸಿದವನಿಗೆ ಅದು ಹೇಗೋ ಅಂಟಿಕೊಳ್ಳುತ್ತದೆ. ಹೆಚ್ಚಿನ ತಂಡಗಳ ಗ್ಯಾರೇಜುಗಳು ಇಲ್ಲೇ ಆಸುಪಾಸಿನಲ್ಲಿವೆ. ಹೋದ ಬೇಸಿಗೆಯಲ್ಲಿ ತಿಪಟೂರಿನ ಕಡೆಯಿಂದ ಅಪ್ಪ ಬಂದಿದ್ದರು. ಅವರನ್ನು ಕೂರಿಸಿಕೊಂಡು 2024ರ ಆಗಸ್ಟಿನ ರಿಚ್ಮಂಡ್ ಪಂದ್ಯದ ಕೊನೆಯ ಸುತ್ತನ್ನು ತೋರಿಸಿದೆ. ಆಸ್ಟಿನ್ ಡಿಲನ್ ಮೂರನೆಯ ತಿರುವಿನಲ್ಲಿ, ಮುಂದಿದ್ದ ಜೋಯಿ ಲೊಗಾನೋನ ಕಾರಿನ ಹಿಂಬದಿಗೆ ಮೂತಿ ಕೊಟ್ಟ. ಅದು ಗಿರಕಿ ಹೊಡೆಯಿತು. ಆ ಸಂದಿನಲ್ಲಿ ಕೆಳಗಿನಿಂದ ನುಗ್ಗಿದ ಡೆನ್ನಿ ಹ್ಯಾಮ್ಲಿನ್‌ನ ಕಾರಿನ ಬಲ ಹಿಂಬದಿಗೂ ಕೊಟ್ಟು, ಅವನನ್ನು ಗೋಡೆಗೆ ಕಳಿಸಿ, ತಾನು ಗೆದ್ದ.

ಅಪ್ಪ ಕೇಳಿದ್ದು ಒಂದೇ: "ತಾಗಿತೋ, ತಾಗಿಸಿದನೋ?"

"ಡಿಕ್ಕಿ ಹೊಡೆದ" ಎಂದೆ.

"ಡಿಕ್ಕಿ ಹೊಡೆಯುವುದು ಲಾರಿ, ಹುಣಸೆ ಮರಕ್ಕೆ. ಇವನು ಮಾಡಿದ್ದು ಬೇರೆ."

ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿ. ನಮ್ಮ ಪತ್ರಿಕೆಗಳಿಗೆ ಎರಡು ವಾಹನ ಸೇರಿದರೆ ಡಿಕ್ಕಿ, ಮುಗಿಯಿತು. ಸ್ಟಾಕ್ ಕಾರ್ ಪಂದ್ಯದಲ್ಲಿ ಅದು ಸಾಲದು. ಇಲ್ಲಿ ಕಾರುಗಳು ಒಂದನ್ನೊಂದು ಮುಟ್ಟುವುದು ತಪ್ಪೇ ಅಲ್ಲ. ಪಕ್ಕಕ್ಕೆ ಒರಸಿಕೊಂಡು ಹೋಗಬಹುದು. ಹಿಂದಿನಿಂದ ಮೆಲ್ಲಗೆ ನೂಕಿ, ಮುಂದಿನವನ ಹಿಡಿತ ಒಂದು ಕ್ಷಣ ಸಡಿಲವಾದಾಗ ಪಕ್ಕದಿಂದ ಮುಂದೆ ಹೋಗಬಹುದು. ಇದನ್ನು ಬಂಪ್ ಅಂಡ್ ರನ್ ಎನ್ನುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಕೆಡವಿದರೆ ಮಾತ್ರ ಜಗಳ. ಡಿಲನ್‌ಗೆ ಆದದ್ದು ನೋಡಿ: ಗೆಲುವು ಅವನ ಹೆಸರಿನಲ್ಲೇ ಉಳಿಯಿತು, ಆದರೆ ಆ ಗೆಲುವಿನಿಂದ ಸಿಗಬೇಕಿದ್ದ ಪ್ಲೇಆಫ್ (ಪ್ರಶಸ್ತಿಗಾಗಿ ನಡೆಯುವ ಕೊನೆಯ ಹಂತ) ಸ್ಥಾನವನ್ನು ಕಿತ್ತುಕೊಂಡು 25 ಅಂಕ ಕಳೆದರು. ಅರ್ಧ ಕಳ್ಳ ಎಂದು ತೀರ್ಪು ಕೊಟ್ಟಂತೆ. ಕಿತ್ತುಕೊಳ್ಳುವುದಾದರೆ ಗೆಲುವನ್ನೇ ಕಿತ್ತುಕೊಳ್ಳಬೇಕಿತ್ತು ಎಂಬುದು ನನ್ನ ವಾದ.

ಆದರೆ ನನ್ನ ನಾಲಿಗೆಯೂ ಅಷ್ಟು ನೆಟ್ಟಗಿಲ್ಲ. 1999ರ ಆಗಸ್ಟಿನಲ್ಲಿ ಬ್ರಿಸ್ಟಲ್‌ನ ಕೊನೆಯ ಸುತ್ತಿನಲ್ಲಿ ಡೇಲ್ ಎರ್ನ್‌ಹಾರ್ಟ್ ಇದೇ ರೀತಿ ಟೆರಿ ಲಬಾಂಟಿಯನ್ನು ತಿರುಗಿಸಿಬಿಟ್ಟು ಗೆದ್ದ. ಅವನ ಸಮಜಾಯಿಷಿ: ತಿರುಗಿಸಬೇಕೆಂದಿರಲಿಲ್ಲ, ಪಂಜರ ಅಲ್ಲಾಡಿಸೋಣ, ಅಂದರೆ ಕೊಂಚ ಕಂಗೆಡಿಸೋಣ, ಎಂದಿದ್ದೆ ಅಷ್ಟೆ. ಆ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನಗೆ ನಗು ಬರುತ್ತದೆ. ಅವನದೂ 3ನೇ ನಂಬರಿನ ಕಾರು, ಡಿಲನ್‌ನದೂ 3. ಒಬ್ಬನದು ಗಂಡೆದೆ, ಇನ್ನೊಬ್ಬನದು ಪುಂಡಾಟ ಎಂದು ನಾನು ಹೇಳುವಾಗ ನಡುವೆ ಇರುವುದು ಬರಿಯ ಕ್ರಿಯಾಪದ. ಅದಕ್ಕೇ ಸರಿಯಾದುದು ಬೇಕು.

ಯೋಚಿಸಿದ್ದು ಇಷ್ಟು. ಬರಿಯ ಸ್ಪರ್ಶಕ್ಕೆ "ತಾಗು", ಬೇಕೆಂದೇ ಆದರೆ "ತಾಗಿಸು". "ಗುದ್ದು" ಎಂದೊಡನೆ ಮುಷ್ಟಿ ಕಣ್ಣಿಗೆ ಬರುತ್ತದೆ, ಕಾರಿಗೆ ಹೊಂದುವುದಿಲ್ಲ. "ತಿವಿ" ಚೂಪಾಯಿತು. ಅಪ್ಪ ಒಂದು ಮಾತು ಕೊಟ್ಟರು: "ಹಾಯ್ದ." ಎತ್ತು ಹಾಯುತ್ತದಲ್ಲ, ತಲೆ ತಗ್ಗಿಸಿ, ಗುರಿ ಇಟ್ಟು, ಹಾಗೆ. ಆಮೇಲೆ ಹೊಳೆದದ್ದು, ನಮ್ಮಲ್ಲಿ ಹೊಳೆ ಹಾಯುವುದೂ ಉಂಟು, ಊರನ್ನು ಹಾದು ಹೋಗುವುದೂ ಉಂಟು. ಹಳಗನ್ನಡದ ಪಾಯ್ ಧಾತುವಿನಲ್ಲೇ ನುಗ್ಗುವುದು, ದಾಟುವುದು ಎರಡೂ ಇವೆ. ಹಾಗಿದ್ದರೆ "ಹಾಯ್ದು ಹೋದ" ಎಂದರೆ ಮುಂದಿನವನಿಗೆ ಕೊಟ್ಟು ದಾಟಿ ಹೋದ ಎಂದೇ ಆಗುತ್ತದೆಯಲ್ಲ! ಬಂಪ್ ಅಂಡ್ ರನ್ ಅನ್ನು ಒಂದೇ ಉಸಿರಿನಲ್ಲಿ ಹೇಳಿದಂತಾಯಿತು. ಬೀಳಿಸಿ ಗೆದ್ದರೆ "ಕೆಡವಿದ". ಕುಸ್ತಿಯ ಮಾತು ಸಿದ್ಧವಾಗಿಯೇ ಇದೆ.

ಇನ್ನೆರಡು ಸಣ್ಣವು. ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡು ಗಾಳಿಯ ತಡೆ ತಪ್ಪಿಸಿಕೊಳ್ಳುವ ಡ್ರಾಫ್ಟಿಂಗ್‌ಗೆ "ಗಾಳಿಮರೆ" ಆದೀತೇ? 1960ರ ಡೇಟೋನಾ 500ರಲ್ಲಿ ಜೂನಿಯರ್ ಜಾನ್ಸನ್ ತನ್ನದಕ್ಕಿಂತ ವೇಗದ ಪಾಂಟಿಯಾಕ್ ಕಾರುಗಳ ಮರೆಯಲ್ಲಿ ಓಡಿಸಿಯೇ ಗೆದ್ದದ್ದು. ಅವನು ಮೊದಲು ಕಳ್ಳಭಟ್ಟಿ ಸಾಗಿಸುತ್ತಿದ್ದವನು, ಮರೆ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು.

ಮತ್ತೆ "ಸ್ಟಾಕ್": ದಯವಿಟ್ಟು ದಾಸ್ತಾನು ಎನ್ನಬೇಡಿ. ಅಂಗಡಿಯಲ್ಲಿ ಮಾರುವಂಥದೇ ಕಾರು ಎಂದು ಅದರ ಮೂಲ ಅರ್ಥ. 1949ರಲ್ಲಿ ಇದೇ ಶಾರ್ಲೆಟ್‌ನಲ್ಲಿ ನಡೆದ, ಅಂಥ ಕಾರುಗಳಿಗೇ ಮೀಸಲಾದ ನಾಸ್ಕಾರ್‌ನ ಮೊದಲ ಪಂದ್ಯದಲ್ಲಿ ಗ್ಲೆನ್ ಡನವೇ ಮೊದಲು ಗುರಿ ಮುಟ್ಟಿದರೂ, ಕಳ್ಳಭಟ್ಟಿಯ ಭಾರಕ್ಕೆಂದು ಕಾರಿನ ಹಿಂದಿನ ಸ್ಪ್ರಿಂಗುಗಳನ್ನು ಬಿಗಿಗೊಳಿಸಿದ್ದರಿಂದ ಅವನನ್ನು ಅನರ್ಹಗೊಳಿಸಿ ಗೆಲುವನ್ನು ಜಿಮ್ ರೋಪರ್‌ಗೆ ಕೊಟ್ಟರು. ಇಂದಿನ ಕಾರುಗಳಿಗೂ ಅಂಗಡಿಗೂ ನಂಟಿಲ್ಲ, ಹೆಸರು ಮಾತ್ರ ಉಳಿದಿದೆ. ಸ್ಟಾಕ್ ಎಂದೇ ಇಟ್ಟುಕೊಳ್ಳೋಣವೇ?

ಉತ್ತರ ಕರ್ನಾಟಕದವರಿಗೆ ಒಂದು ವಿಶೇಷ ವಿನಂತಿ. ಕಾರಹುಣ್ಣಿಮೆಯಲ್ಲಿ ಕರಿ ಹರಿಯುವಾಗ ಓಡುತ್ತಲೇ ಒಂದು ಎತ್ತು ಇನ್ನೊಂದನ್ನು ಭುಜದಿಂದ ಸರಿಸಿದರೆ ನಿಮ್ಮಲ್ಲಿ ಏನೆನ್ನುತ್ತಾರೆ? ಕೊಂಬು ಬೀಸಿದರೆ ಏನೆನ್ನುತ್ತಾರೆ? ಎರಡಕ್ಕೂ ಬೇರೆ ಮಾತಿದ್ದರೆ ನನಗೆ ಎರಡೂ ಬೇಕು.